‘ಏನು ಚೆಲ್ಲಿತು?’ ಎಂದು ಕೇಳುವ ಮೂಗಿನಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಲಾಂಡ್ರಿಯ ಹಿಂಬಾಗಿಲು ಆಗಲೇ ತೆರೆದಿದೆ. ಒಳಗಿನ ಹಬೆ ಹೊರಗೆ ಬಂದು ಗಲ್ಲಿಯ ತಣ್ಣನೆಯ ಗಾಳಿಯಲ್ಲಿ ಕರಗುತ್ತಿದೆ. ಬಿಳಿ ಮೇಜಿನ ಮುಂದೆ, ಕಾಲು ಸ್ವಲ್ಪ ಅಲ್ಲಾಡುವ ಸ್ಟೂಲಿನ ಮೇಲೆ ಕೂತ ಹೆಂಗಸೊಬ್ಬರು ಯಾರದೋ ಅಂಗಿಯ ತೋಳನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ್ದಾರೆ. ಹೂವು ಮೂಸುತ್ತಿದ್ದಾರೇನೋ ಅನ್ನಬೇಕು, ಅಷ್ಟು ತನ್ಮಯತೆ. ಮೂಗಿನ ಹೊಳ್ಳೆ ಎರಡು ಸಲ ಅರಳುತ್ತದೆ, ಕಣ್ಣು ತೆರೆಯುತ್ತದೆ.

"ಟೀ ಅಂತ ಚೀಟಿ ಹಚ್ಚಿದ್ದಾರೆ. ಟೀ ಎಲ್ಲಿ ಬಂತು? ಕೆಮ್ಮಿನ ಔಷಧಿ ಇದು. ಪುಣ್ಯಾತ್ಮ ಕುಡಿಯೋ ಬದಲು ತೋಳಿಗೆ ಕುಡಿಸಿದ್ದಾನೆ. ಮನೇಲಿ ‘ಕುಡಿದೆ ಕಣೇ’ ಅಂತ ಹೇಳಿರ್ತಾನೆ."

ಆಚೆ ಬದಿಯಲ್ಲಿ ಇಸ್ತ್ರಿ ಯಂತ್ರಕ್ಕೆ ಹಬೆ ತುಂಬಿಸುತ್ತಿರುವ ಭಾವ ಹೊಟ್ಟೆ ಕುಣಿಸಿ ನಗುತ್ತಾರೆ. ಅವರು ಈಕೆಯ ಗಂಡನ ಅಣ್ಣ. ಈಕೆಗೆ ಭಾವ ಆದ ಮೇಲೆ ಲಾಂಡ್ರಿಯಲ್ಲಿ ಎಲ್ಲರಿಗೂ ಭಾವನೇ, ಮಾಲೀಕರು ಸಹ ಹಾಗೇ ಕರೆಯುತ್ತಾರೆ. ಈಕೆ ಮಾತ್ರ ಎಲ್ಲರ ಬಾಯಲ್ಲೂ ಮೂಗಿನಕ್ಕ. ಹೆಸರಿಟ್ಟವರು ಬೇರೆ ಯಾರೂ ಅಲ್ಲ, ಈ ಭಾವನೇ. "ಕಂಡವರ ವಿಷಯಕ್ಕೆಲ್ಲ ಮೂಗು ತೂರಿಸಿ, ಅದಕ್ಕೆ ಸಂಬಳಾನೂ ತಗೊಳ್ಳೋಳು ಈ ಊರಲ್ಲಿ ಈಯಮ್ಮ ಒಬ್ಬಳೇ," ಎನ್ನುವುದು ಅವರು ಮಾಡಿಕೊಡುವ ಪರಿಚಯ.

ಅಕ್ಕನ ಕೆಲಸ ಕಲೆ ತೆಗೆಯುವುದು. ದೊಡ್ಡ ಯಂತ್ರಗಳು ಗುಡುಗುಡು ತಿರುಗಿ ಬಟ್ಟೆಯ ಕೊಳೆ ತೆಗೆಯುತ್ತವೆ. ಯಂತ್ರಕ್ಕೆ ಬಗ್ಗದ್ದು ಈ ಮೇಜಿಗೆ ಬರುತ್ತದೆ. ಮೇಜಿನ ಮೇಲೆ ಒಂದು ಬಗ್ಗುವ ಕುತ್ತಿಗೆಯ ದೀಪ, ಸಾಲಾಗಿ ಬಾಟಲಿಗಳು, ಹಲ್ಲುಜ್ಜುವ ಬ್ರಷ್ಷಿಗಿಂತ ಮೆತ್ತಗಿನ ಎರಡು ಬ್ರಷ್ಷು, ಕಾಲಲ್ಲಿ ಒತ್ತಿದರೆ ಬುಸ್ಸೆನ್ನುವ ಹಬೆಯ ಕೊಳವೆ. ಗರಿಗರಿಯಾದ ಬಟ್ಟೆ ತೊಟ್ಟು ಹೋಗುವವರಿಗೆ ಮುಂಬಾಗಿಲಿನ ಫಲಕ ಗೊತ್ತು, ಕೌಂಟರಿನ ನಗುಮುಖ ಗೊತ್ತು. ತಮ್ಮ ಊಟ, ಜಗಳ, ಕಾಯಿಲೆ, ಗುಟ್ಟು ಎಲ್ಲವನ್ನೂ ಪರದೆಯ ಹಿಂದೆ ಕೂತ ಒಬ್ಬರು ಎಳೆ ಎಳೆಯಾಗಿ ಬಿಡಿಸುತ್ತಾರೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಇಷ್ಟು ಧೈರ್ಯವಾಗಿ ಬಟ್ಟೆ ಕೊಡುತ್ತಿದ್ದರೋ ಇಲ್ಲವೋ.

ಕಷ್ಟದ ಕಲೆ ಬಂದಾಗ ಕೌಂಟರಿನವರು ಪರದೆ ಸರಿಸಿ ಕೂಗುತ್ತಾರೆ. ಅಕ್ಕ ಕೈ ಒರೆಸಿಕೊಂಡು ಹೊರಗೆ ಬಂದು ಮೂರು ಪ್ರಶ್ನೆ ಕೇಳುತ್ತಾರೆ. ಏನು ಚೆಲ್ಲಿತು? ಯಾವಾಗ ಚೆಲ್ಲಿತು? ಚೆಲ್ಲಿದ ಮೇಲೆ ನೀವೇನು ಮಾಡಿದ್ರಿ?

"ಮೊದಲನೇದಕ್ಕೆ ಅರ್ಧ ಜನ ಸುಳ್ಳು ಹೇಳ್ತಾರೆ, ಎರಡನೇದಕ್ಕೆ ಮುಕ್ಕಾಲು ಜನ. ಮೂರನೇದಕ್ಕೆ ಎಲ್ಲರೂ ಸುಳ್ಳೇ ಹೇಳ್ತಾರೆ," ಎನ್ನುತ್ತಾರೆ ಅಕ್ಕ. ಹೇಳುವಾಗ ದೂರಿನ ಧಾಟಿ ಇಲ್ಲ, ಮಕ್ಕಳ ತುಂಟತನ ಹೇಳುವಾಗಿನ ಸಂತೋಷವಿದೆ. ಡಾಕ್ಟರು ಸಿಹಿ ಮುಟ್ಟಬಾರದು ಎಂದ ಹಿರಿಯರೊಬ್ಬರು ಅಂಗಿಯ ಎದೆಯ ಮೇಲೆ ಅಂಗೈಯಗಲದ ಚಾಕಲೇಟು ಕಲೆ ತಂದು, "ನಂದಲ್ಲ, ಮೊಮ್ಮಗಳದ್ದು" ಎಂದರಂತೆ. ಮೊಮ್ಮಗಳಿಗೆ ಎಷ್ಟು ವಯಸ್ಸು ಎಂದು ಅಕ್ಕ ಸುಮ್ಮನೆ ವಿಚಾರಿಸಿದ್ದಾರೆ. ಹಿರಿಯರು ತಡವರಿಸಿ, "ಮುಂದಿನ ತಿಂಗಳು ಹುಟ್ತಾಳೆ" ಎಂದುಬಿಟ್ಟರು. ಅಕ್ಕ ನಗಲಿಲ್ಲ, ಪರದೆಯ ಹಿಂದೆ ಹೋಗಿ ಹೇಳಿದ ಮೇಲೆ ಮಾತ್ರ, ನಕ್ಕು ನಕ್ಕು ಕೆಮ್ಮಿದ ಭಾವನಿಗೆ ನೀರು ಕುಡಿಸಬೇಕಾಯಿತು.

ಸುಳ್ಳು ಹೇಳಿದರೆ ಅಕ್ಕನಿಗೇನು ನಷ್ಟ? ನಷ್ಟ ಬಟ್ಟೆಗೆ. ರಕ್ತಕ್ಕೆ ತಣ್ಣೀರು ಬೇಕು. ಬಿಸಿ ತಾಗಿಸಿದರೆ ಅದು ಬಟ್ಟೆಯಲ್ಲೇ ಮನೆ ಕಟ್ಟಿಕೊಂಡು ಕೂರುತ್ತದೆ. ಎಣ್ಣೆಗೆ ತಣ್ಣೀರು ಹಾಕಿ ಪ್ರಯೋಜನವಿಲ್ಲ. ಒಂದಕ್ಕೆ ಔಷಧಿಯಾದದ್ದು ಇನ್ನೊಂದಕ್ಕೆ ವಿಷ. "ಚೆಲ್ಲಿದ್ದಕ್ಕೆ ಬಟ್ಟೆ ಹಾಳಾಗೋದು ಕಮ್ಮಿ. ಚೆಲ್ಲಿತಲ್ಲಾ ಅಂತ ಗಾಬರಿಯಾಗಿ, ಯಾರಿಗೂ ಕಾಣಬಾರದು ಅಂತ ಗಸಗಸ ಉಜ್ತಾರಲ್ಲ, ಅದಕ್ಕೇ ಹಾಳಾಗೋದು. ಸತ್ಯ ಹೇಳಿ ತಂದುಕೊಟ್ರೆ ನೂರಕ್ಕೆ ತೊಂಬತ್ತು ಹೋಗುತ್ತೆ."

ಈ ಮಾತಿನ ಮೂಲ ಹುಡುಕಿದರೆ ಅಕ್ಕನ ಅಜ್ಜಿ ಸಿಗುತ್ತಾರೆ. ಅಜ್ಜಿ ನಾಲ್ಕಾರು ಮನೆಗಳ ಬಟ್ಟೆ ಒಗೆದು ಸಂಸಾರ ಸಾಕಿದವರು. ಅಪ್ಪ ಬೇಗ ತೀರಿಕೊಂಡು ಅಮ್ಮ ಹಗಲಿಡೀ ದುಡಿಯಲು ಹೋಗುತ್ತಿದ್ದುದರಿಂದ ಮೊಮ್ಮಗಳು ಅಜ್ಜಿಯ ಸೆರಗು ಹಿಡಿದೇ ಬೆಳೆದಳು. ಒಂದು ಮನೆಯಲ್ಲಿ ಕಣ್ಣು ಮಂಜಾದ ಯಜಮಾನರಿಗೆ ಅವರ ಸೊಸೆ ಮಧ್ಯಾಹ್ನದ ಹೊತ್ತು ವೇದಾಂತದ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಹಿತ್ತಲಲ್ಲಿ ಬಟ್ಟೆ ಬಡಿಯುತ್ತಿದ್ದ ಅಜ್ಜಿಯ ಕಿವಿ ಆ ಕಡೆಗೇ. ಬಡಿಯುವ ಸದ್ದಿನಲ್ಲಿ ಅರ್ಧ ಕೇಳಿಸುತ್ತಿರಲಿಲ್ಲ. ಆ ಅರ್ಧವನ್ನು ಅಜ್ಜಿ ದಾರಿಯುದ್ದಕ್ಕೂ ಸ್ವಂತ ಬುದ್ಧಿಯಿಂದ ತುಂಬಿಕೊಂಡು, ಮನೆಗೆ ಬರುವಷ್ಟರಲ್ಲಿ ಒಂದು ಪೂರ್ತಿ ಕಥೆ ಮಾಡಿರುತ್ತಿದ್ದರು.

ಅಕ್ಕನಿಗೆ ಅದರಲ್ಲಿ ಹೆಚ್ಚು ಹಿಡಿಸಿದ್ದು ಎರಡು ಹಕ್ಕಿಗಳ ಮಾತು. "ಒಂದೇ ಮರ. ಎರಡು ಹಕ್ಕಿ. ಒಂದು ಹಣ್ಣು ತಿನ್ನುತ್ತೆ, ಇನ್ನೊಂದು ತಿನ್ನಲ್ಲ, ಸುಮ್ನೆ ನೋಡ್ತಾ ಕೂತಿರುತ್ತೆ. ಆ ಮರ ನಾವೇ ಅಂತೆ. ತಿನ್ನೋದೂ ನಮ್ಮೊಳಗೇ ಇದೆ, ನೋಡೋದೂ ನಮ್ಮೊಳಗೇ ಇದೆ. ಸಣ್ಣೋಳಿದ್ದಾಗ ನಂಗೆ ಹೆದರಿಕೆ ಆಗ್ತಿತ್ತು. ಕದ್ದು ಏನಾದ್ರೂ ತಿಂದ್ರೆ ಆ ಹಕ್ಕಿ ಹೋಗಿ ಅಮ್ಮನಿಗೆ ಹೇಳುತ್ತಾ ಅಂತ ಕೇಳ್ದೆ. ನಮ್ಮಜ್ಜಿ ನಕ್ಕು, ‘ಇಲ್ಲ ಕಣೇ, ಅದು ಯಾರಿಗೂ ಚಾಡಿ ಹೇಳಲ್ಲ, ನಿನ್ನನ್ನ ಬೈಯೋದೂ ಇಲ್ಲ. ನೋಡುತ್ತೆ ಅಷ್ಟೆ. ನೀನು ಅದರ ಕಡೆ ತಿರುಗಿ ನೋಡಿದ್ರೆ ಸಾಕು, ಅದಕ್ಕೆ ಖುಷಿ’ ಅಂದ್ಲು. ಅವತ್ತಿಂದ ಹೆದರಿಕೆ ಹೋಯ್ತು."

ಮದುವೆಯಾದ ಮೇಲೆ ಭಾವನ ಶಿಫಾರಸಿನಿಂದ ಅಕ್ಕ ಈ ಲಾಂಡ್ರಿ ಸೇರಿದರು. ಗಂಡ ಬಸ್ಸಿನ ಚಾಲಕ. ಮಗಳು ಎರಡು ಬೀದಿಯಾಚೆ ಸಂಸಾರ ಹೂಡಿದ್ದಾಳೆ. ಮೊದಲ ವರ್ಷಗಳು ಸುಲಭದ್ದಾಗಿರಲಿಲ್ಲ. ಹಬೆ ತಾಗಿ ಮೊಣಕೈವರೆಗೆ ಬೊಬ್ಬೆ, ಚಳಿಗಾಲದಲ್ಲಿ ಔಷಧಿಗಳ ಘಾಟಿಗೆ ಕೆಮ್ಮು, ದಿನವಿಡೀ ನೀರಲ್ಲಿದ್ದು ಸುಲಿಯುವ ಚರ್ಮ. ಬೆರಳಿನ ಗೆರೆಗಳು ಸವೆದು ಎಷ್ಟು ನುಣ್ಣಗಾಗಿವೆ ಎಂದರೆ, ಒಂದು ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಯಂತ್ರ ಇಂಥ ಮನುಷ್ಯರೇ ಇಲ್ಲ ಎಂದು ಹೇಳಿಬಿಟ್ಟಿತಂತೆ. "ಒಂದು ಕಲೇನೂ ಉಳಿಸಬಾರದು ಅಂತ ಹೋಗಿ ನನ್ನನ್ನೇ ಒರೆಸಿಕೊಂಡಿದ್ದೀನಿ," ಎಂದು ಅಕ್ಕ ಬೆರಳು ತೋರಿಸುತ್ತಾರೆ. ದಿನಕ್ಕೆ ಅರವತ್ತು, ಎಪ್ಪತ್ತು ಬಟ್ಟೆ ಈ ಬೆರಳುಗಳ ಕೆಳಗೆ ಹಾಯುತ್ತವೆ. ಸೋಮವಾರ ನೂರು ದಾಟುತ್ತದೆ, ಭಾನುವಾರ ಜನ ಚೆನ್ನಾಗಿ ಉಂಡಿರುತ್ತಾರೆ ನೋಡಿ.

ಸಂಜೆ ಕೆಲಸ ಮುಗಿದ ಮೇಲೆ ಅಕ್ಕ ಮೂಲೆಯ ನಲ್ಲಿಯ ಮುಂದೆ ನಿಂತು ಕೈ ತೊಳೆಯುತ್ತಾರೆ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ತೊಳೆಯುತ್ತಾರೆ. ಹೊಸಬರು ಶುಚಿತ್ವ ಎಂದುಕೊಳ್ಳುತ್ತಾರೆ. ನಿಜ ಸಂಗತಿ ಏನೆಂದರೆ, ಗಿರಾಕಿಗಳಿಗೆ ಕೇಳುವ ಮೂರು ಪ್ರಶ್ನೆಗಳನ್ನು ಆ ಹೊತ್ತಿನಲ್ಲಿ ಅವರು ತಮಗೇ ಕೇಳಿಕೊಳ್ಳುತ್ತಾರೆ.

"ದೊಡ್ಡ ಜಪ ತಪ ಏನಲ್ಲ. ಮೊನ್ನೆ ಮನೇಲಿ ಯಜಮಾನ್ರು ‘ಕೋಪ ಬಂದಿದ್ಯಾ?’ ಅಂತ ಕೇಳಿದ್ರು. ‘ನಂಗ್ಯಾಕೆ ಕೋಪ’ ಅಂದೆ, ಪಾತ್ರೆ ಮಾತ್ರ ಧಡ್ ಧಡ್ ಅಂತ ಕುಕ್ತಿದ್ದೆ. ಮಾರನೇ ದಿನ ಕೈ ತೊಳೆಯುವಾಗ ಕೇಳ್ಕೊಂಡೆ. ಏನು ಚೆಲ್ಲಿತು? ಕೋಪ. ಯಾವಾಗ? ಅವರು ನಾನು ಹೇಳಿದ್ದು ಮರೆತು ಬಂದಾಗ. ಆಮೇಲೆ ನೀನೇನು ಮಾಡ್ದೆ? ಇಲ್ಲ ಅಂತ ಉಜ್ದೆ. ಮನೆಗೆ ಹೋಗಿ, ‘ಹೌದ್ರೀ, ನಿನ್ನೆ ಕೋಪ ಬಂದಿತ್ತು’ ಅಂದೆ. ಅವರು, ‘ಪಾತ್ರೆಗಳು ಆಗಲೇ ಹೇಳಿದ್ವು’ ಅಂದ್ರು."

ಇದೆಲ್ಲ ಕೇಳಲು ಚೆಂದ. ಆದರೆ ಹೇಳುವವರಿಗೂ ಒಂದು ದಿನ ಪರೀಕ್ಷೆ ಬರುತ್ತದಲ್ಲ, ಅದು ಬಂದದ್ದು ಈ ಶನಿವಾರ.

ಬೆಳಕು ಹರಿಯುತ್ತಿದ್ದಂತೆ ಅಕ್ಕ ಬುಟ್ಟಿಯಿಂದ ಬಿಳಿಯ ಹತ್ತಿ ಕೋಟೊಂದನ್ನು ಎತ್ತಿಕೊಳ್ಳುತ್ತಾರೆ. ಅದು ಬ್ಯಾಂಡ್ ಮೇಷ್ಟ್ರದ್ದು. ಊರಿನ ಉದ್ಯಾನದ ಮಂಟಪದಲ್ಲಿ ಮಕ್ಕಳ ವಾದ್ಯಗೋಷ್ಠಿ ನಡೆಸುತ್ತ ಬಂದವರು ಅವರು. ಅವರಲ್ಲಿ ಕಹಳೆ ಊದಲು ಕಲಿತವರ ಮಕ್ಕಳು ಈಗ ಅಲ್ಲಿಯೇ ಡ್ರಮ್ಮು ಬಡಿಯುತ್ತಿದ್ದಾರೆ. ಇಂದು ಸಂಜೆ ಮೇಷ್ಟ್ರು ಕೊನೆಯ ಬಾರಿಗೆ ಗೋಷ್ಠಿ ನಡೆಸಿ, ವಾದ್ಯದವರಿಗೆ ತಾಳ ತೋರಿಸುವ ಕೋಲನ್ನು ಶಿಷ್ಯೆಯೊಬ್ಬಳಿಗೆ ಒಪ್ಪಿಸಲಿದ್ದಾರೆ. ಮೊದಲ ಗೋಷ್ಠಿಗೂ ಇದೇ ಕೋಟು, ಕೊನೆಯದಕ್ಕೂ ಇದೇ ಆಗಬೇಕೆಂಬುದು ಅವರ ಆಸೆ. ಕೋಟಿನ ಕಾಲರಿನ ಹಿಂಭಾಗದಲ್ಲಿ ಹೆಬ್ಬೆರಳಗಲದ ಬೂದು ಕಲೆ ಇದೆ.

ಬುಧವಾರ ಕೋಟು ತಂದಾಗ, ಅಕ್ಕ ಕೇಳುವ ಮೊದಲೇ ಮೇಷ್ಟ್ರು "ಶಾಯಿ!" ಎಂದು ಗಟ್ಟಿಯಾಗಿ ಹೇಳಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಹಿಂದೆ ಸರದಿಯಲ್ಲಿ ಅವರ ಹಳೆಯ ಶಿಷ್ಯರಿಬ್ಬರು ನಿಂತಿದ್ದರು. ಅಕ್ಕ ಕಾಲರು ಮೂಸಿದರು. ಶಾಯಿಗೆ ಇಂಥ ಘಾಟಿಲ್ಲ. ಒಂದು ಕ್ಷಣ ಮೇಷ್ಟ್ರ ತಲೆ ನೋಡಿದರು. ಎಪ್ಪತ್ತು ದಾಟಿದ ಆ ತಲೆಯಲ್ಲಿ ಕಾಗೆಗೂ ನಾಚಿಕೆಯಾಗುವಷ್ಟು ಕಪ್ಪು. ಮೇಷ್ಟ್ರು ಸೂರು ನೋಡತೊಡಗಿದರು. ಊರಿಗೆಲ್ಲ ಗೊತ್ತಿರುವ ಗುಟ್ಟು, ಗೊತ್ತಿದೆ ಎನ್ನುವುದು ಮೇಷ್ಟ್ರೊಬ್ಬರಿಗೆ ಗೊತ್ತಿಲ್ಲ. ಅಕ್ಕ ಎರಡನೆಯ ಪ್ರಶ್ನೆಯನ್ನಾಗಲೀ ಮೂರನೆಯದನ್ನಾಗಲೀ ಕೇಳಲೇ ಇಲ್ಲ. "ಆಯ್ತು ಮೇಷ್ಟ್ರೇ, ಶಾಯಿ" ಎಂದು ಒಳಗೆ ಬಂದರು.

ಈಗ ಅಕ್ಕ ಶಾಯಿಗೆ ಮಾಡುವುದನ್ನೆಲ್ಲ ಕ್ರಮವಾಗಿ ಮಾಡುತ್ತಾರೆ. ಕಲೆ ಜಗ್ಗುವುದಿಲ್ಲ. ಕೊನೆಗೆ, ಶಾಯಿಯ ಉಳಿದ ಛಾಯೆ ತೆಗೆಯಲು ಬಳಸುವ ಪೆರಾಕ್ಸೈಡು ಸವರಿ ಹಬೆ ಬಿಡುತ್ತಾರೆ. ಬುಸ್ಸೆನ್ನುವ ಹಬೆ ಸರಿದಾಗ ಅವರ ಕೈ ನಿಂತುಬಿಡುತ್ತದೆ. ಬೂದು ಇದ್ದದ್ದು ಕಡುಗಪ್ಪಾಗಿದೆ. ಕೂದಲಿನ ಬಣ್ಣದ ಪೊಟ್ಟಣದಲ್ಲಿ ಬಣ್ಣ ಗಟ್ಟಿಯಾಗಿ ಕೂರಲೆಂದು ಕೊಡುವ ಎರಡನೆಯ ಬಾಟಲಿ ಇರುತ್ತದಲ್ಲ, ಅದರಲ್ಲಿರುವುದೂ ಇದೇ ಪೆರಾಕ್ಸೈಡು. ಕಲೆ ತೆಗೆಯಲು ಹೋದ ಅಕ್ಕ ಕೋಟಿಗೆ ಶಾಸ್ತ್ರೋಕ್ತವಾಗಿ ಬಣ್ಣ ಹಾಕಿ ಮುಗಿಸಿದ್ದಾರೆ.

ಭಾವ ಬಂದು ನೋಡಿ, ನಾಲಿಗೆ ಕಚ್ಚಿಕೊಳ್ಳುತ್ತಾರೆ. ಆಮೇಲೆ ತಮ್ಮನ ಹೆಂಡತಿಯ ಮುಖ ನೋಡಿ ಕರಗಿಹೋಗುತ್ತಾರೆ. "ಏನಾಯ್ತು ಈಗ? ‘ಬಟ್ಟೆ ಹಳೇದಾಗಿತ್ತು ಮೇಷ್ಟ್ರೇ, ಕಲೆ ಒಳಗೇ ಇಳಿದುಬಿಟ್ಟಿದೆ’ ಅಂದ್ಬಿಡು. ಶಾಯಿ ಅಂದೋರು ಅವರೇ ತಾನೆ? ನಿನ್ನ ತಪ್ಪೇನಿದೆ?"

"ಹೌದಲ್ವಾ ಭಾವ," ಎನ್ನುತ್ತಾರೆ ಅಕ್ಕ. ಬಟ್ಟೆ ಹಳೆಯದು, ನಿಜ. ಶಾಯಿ ಎಂದವರು ಮೇಷ್ಟ್ರು, ಅದೂ ನಿಜ. ಯಾರೂ ಒಂದು ಮಾತು ಆಡುವಂತಿಲ್ಲ. ಕೋಟನ್ನು ಮಡಚಿಡಲು ಕೈ ಹೋಗುತ್ತದೆ, ಅರ್ಧ ಮಡಚಿ ಬಿಡುತ್ತದೆ. ಅಕ್ಕ ಎದ್ದು ನಲ್ಲಿ ತಿರುಗಿಸುತ್ತಾರೆ. ಸಂಜೆ ತೊಳೆಯುವ ಕೈಯನ್ನು ಇವತ್ತು ಬೆಳಿಗ್ಗೆಯೇ ತೊಳೆಯುತ್ತಾರೆ. ನೀರಿನ ಸದ್ದು ನಿಲ್ಲುವವರೆಗೂ ಭಾವ ಒಂದೇ ಅಂಗಿಗೆ ಎರಡು ಸಲ ಇಸ್ತ್ರಿ ಹಾಕುತ್ತಾರೆ.

ತಿರುಗಿ ಬಂದಾಗ ಅಕ್ಕನ ಮುಖದಲ್ಲಿ ಅಳುವೂ ಇದೆ, ನಗುವೂ ಇದೆ. "ನಂಗೆ ಗೊತ್ತಿತ್ತು ಭಾವ. ಬುಧವಾರವೇ ಗೊತ್ತಿತ್ತು. ಮೂಗಿಗೆ ಗೊತ್ತಾಗಿ ನನಗೆ ಗೊತ್ತಾಗದೆ ಇರುತ್ತಾ? ‘ಇರಬಹುದು, ಶಾಯಿನೇ ಇರಬಹುದು’ ಅಂತ ನನಗೆ ನಾನೇ ಹೇಳ್ಕೊಂಡೆ. ಮೇಷ್ಟ್ರು ನನಗೆ ಹೇಳಿದ ಸುಳ್ಳು ಒಂದು, ನಾನು ನನಗೆ ಹೇಳ್ಕೊಂಡಿದ್ದು ಇನ್ನೊಂದು. ಕೋಟು ಹಾಳಾಗಿದ್ದು ಎರಡನೇದರಿಂದ."

"ಅಷ್ಟು ಜನರ ಮುಂದೆ ಹೇಗಮ್ಮ ಕೇಳ್ತಿದ್ದೆ? ಸತ್ಯ ಹೇಳು, ಪ್ರಿಯವಾಗಿ ಹೇಳು, ಅಪ್ರಿಯವಾದ ಸತ್ಯ ಹೇಳಬೇಡ ಅಂತ ನೀನೇ ನಮಗೆಲ್ಲ ಹೇಳ್ತಿರ್ತೀಯಲ್ಲ?"

"ಬುಧವಾರ ನಾನೂ ಅದನ್ನೇ ಹಿಡ್ಕೊಂಡೆ. ಆದ್ರೆ ಮಾತು ಅಲ್ಲಿಗೆ ಮುಗಿಯಲ್ಲ ಭಾವ. ಪ್ರಿಯವಾಗಿದೆ ಅಂತ ಸುಳ್ಳನ್ನೂ ಹೇಳಬೇಡ ಅಂತ ಇನ್ನೊಂದು ಸಾಲಿದೆ. ಅಜ್ಜಿ ಹೇಳಿಕೊಟ್ಟಿದ್ಲು. ನನಗೆ ಬೇಕಾದ ಕಡೆ ನಾನು ನಿಲ್ಲಿಸ್ಕೊಂಡೆ." ಅಕ್ಕ ಮತ್ತೂ ಒಂದು ಮಾತು ಹೇಳುತ್ತಾರೆ. "ಅವರ ಮಾನ ಉಳಿಸಿದೆ ಅಂದ್ಕೊಂಡಿದ್ದೆ. ಅದೂ ಸುಳ್ಳು. ಪಕ್ಕಕ್ಕೆ ಕರೆದು ಪಿಸುಮಾತಲ್ಲಿ ಕೇಳಬಹುದಿತ್ತಲ್ಲ? ಮೇಷ್ಟ್ರು ಸಿಟ್ಟಾಗಿ ಬೈದ್ರೆ ಏನು ಗತಿ ಅಂತ ಹೆದರಿದೆ. ನಾನು ಉಳಿಸ್ಕೊಂಡಿದ್ದು ನನ್ನ ಒಳ್ಳೇ ಹೆಸರು."

ಇಷ್ಟು ಹೇಳಿದ್ದೇ ತಡ, ಕೋಟನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಬಿಡುತ್ತಾರೆ. ಭಾವ ಬಾಗಿಲವರೆಗೆ ಬಂದು, "ಬೈದ್ರೆ ನಾನು ಬರ್ಲಾ?" ಎನ್ನುತ್ತಾರೆ. "ಬೈದ್ರೆ ಬೈಸ್ಕೊಳ್ಳೋಕೆ ಇಬ್ರು ಯಾಕೆ?" ಎನ್ನುತ್ತಾರೆ ಅಕ್ಕ.

ಮೇಷ್ಟ್ರ ಮನೆ ಲಾಂಡ್ರಿಯಿಂದ ಹತ್ತು ನಿಮಿಷದ ನಡಿಗೆ, ಮೂರನೆಯ ಮಹಡಿ. ಅಕ್ಕ ಮೆಟ್ಟಿಲು ಹತ್ತುತ್ತಾರೆ. ಏನು ಹೇಳಬೇಕು ಎಂದು ಮೊದಲ ಮಹಡಿಯಲ್ಲಿ ಒಂದು ಬಗೆಯಾಗಿ, ಎರಡನೆಯದರಲ್ಲಿ ಇನ್ನೊಂದು ಬಗೆಯಾಗಿ ಜೋಡಿಸಿಕೊಳ್ಳುತ್ತಾರೆ. ಬಾಗಿಲು ತೆರೆದ ಕೂಡಲೇ ಜೋಡಿಸಿದ್ದೆಲ್ಲ ಮರೆತುಹೋಗುತ್ತದೆ. ಹೊಸ್ತಿಲಲ್ಲಿ ನಿಂತ ಮೇಷ್ಟ್ರ ಹೆಗಲ ಮೇಲೆ ಹಳೆಯ ಟವೆಲು, ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಕಪ್ಪು ಬಣ್ಣ ಕಲಸಿದ ಬಟ್ಟಲು. ಕಿವಿಯ ಹಿಂದಿನಿಂದ ಒಂದು ಹನಿ ಕುತ್ತಿಗೆಯತ್ತ ಇಳಿಯುತ್ತಿದೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಮೇಷ್ಟ್ರು ಬ್ರಷ್ಷನ್ನು ಬೆನ್ನ ಹಿಂದೆ ಅಡಗಿಸುತ್ತಾರೆ. ಬಟ್ಟಲನ್ನು ಅಡಗಿಸಲು ಇನ್ನೊಂದು ಕೈ ಇಲ್ಲ.

"ಕೋಟು ಆಯ್ತಾ?" ಎನ್ನುತ್ತಾರೆ, ಏನೂ ಆಗಿಲ್ಲವೆಂಬಂತೆ.

"ಇಲ್ಲ ಮೇಷ್ಟ್ರೇ. ಹಾಳು ಮಾಡಿದ್ದೀನಿ." ಅಕ್ಕ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. "ಬುಧವಾರ ಮೂಸಿದಾಗಲೇ ಇದು ಶಾಯಿ ಅಲ್ಲ ಅಂತ ನಂಗೆ ಗೊತ್ತಾಯ್ತು. ನೀವು ಬೇಜಾರು ಮಾಡ್ಕೋತೀರ ಅಂತ ಕೇಳಲಿಲ್ಲ. ಗೊತ್ತಿದ್ದೂ ಶಾಯಿಯ ಔಷಧಿ ಹಾಕ್ದೆ. ಕಪ್ಪಾಗಿ ಕೂತುಬಿಟ್ಟಿದೆ. ತಪ್ಪು ನಂದು. ಬೈಯೋದಿದ್ರೆ ಬೈದ್ಬಿಡಿ."

ಮೇಷ್ಟ್ರ ಮುಖ ಬಿಗಿಯಾಗುತ್ತದೆ. "ಶಾಯಿ ಅಲ್ದೆ ಮತ್ತೇನು ಅಂತ ನಿಮ್ಮ ಅಭಿಪ್ರಾಯ?" ಎಂದು ಕೇಳುತ್ತಾರೆ. ಕೇಳುವಾಗ ಕಿವಿಯ ಹಿಂದಿನ ಹನಿ ಕುತ್ತಿಗೆ ದಾಟಿ ಬನಿಯನ್ನಿನ ಮೇಲೆ ಬೀಳುತ್ತದೆ. ಬಿದ್ದದ್ದು ಅವರಿಗೂ ತಿಳಿಯುತ್ತದೆ. ಬನಿಯನ್ನು ನೋಡಿಕೊಳ್ಳುತ್ತಾರೆ, ಬಟ್ಟಲು ನೋಡುತ್ತಾರೆ, ಅಕ್ಕನನ್ನು ನೋಡುತ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಮೊದಲು ಅವರ ಹೊಟ್ಟೆ ಕುಲುಕುತ್ತದೆ, ಆಮೇಲೆ ಹೆಗಲು, ಕೊನೆಗೆ ಕಹಳೆ ಊದಿದ ಹಾಗೆ ದೊಡ್ಡ ನಗು ಹೊರಗೆ ಬರುತ್ತದೆ. ಎದುರು ಮನೆಯವರು ಬಾಗಿಲು ತೆರೆದು ನೋಡುವಷ್ಟು ನಗುತ್ತಾರೆ.

"ಒಳಗೆ ಬನ್ನಿ ತಾಯಿ, ಒಳಗೆ ಬನ್ನಿ. ಊರಿಗೆಲ್ಲ ಗೊತ್ತಾ?"

"ಗೊತ್ತು ಮೇಷ್ಟ್ರೇ."

"ಎಲ್ಲರಿಗೂ?"

"ಡ್ರಮ್ಮು ಬಡಿಯೋ ಮಕ್ಕಳಿಗೂ."

ಮೇಷ್ಟ್ರು ಕುರ್ಚಿಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾರೆ. ಹಿಂದೊಮ್ಮೆ ಹೊಸದಾಗಿ ಸೇರಿದ ಪುಟಾಣಿಯೊಂದು ತಮ್ಮನ್ನು ತಾತ ಎಂದು ಕರೆದದ್ದೇ ಇದಕ್ಕೆಲ್ಲ ಮೂಲ ಎಂದು ಹೇಳುತ್ತಾರೆ. ಅವತ್ತು ಮನೆಗೆ ಬಂದು ಕನ್ನಡಿ ನೋಡಿಕೊಂಡರಂತೆ. ಬಣ್ಣ ಶುರುವಾಯಿತು. ಕೂದಲು ಮೊದಲಿನಿಂದಲೂ ಹೀಗೇ ಎಂದು ಹೇಳಿ ಹೇಳಿ ಅವರಿಗೇ ನಂಬಿಕೆ ಬಂದಿತ್ತು. ಯಾರ ನೆರವೂ ಕೇಳುವಂತಿಲ್ಲವಾದ್ದರಿಂದ ತಲೆಯ ಹಿಂಭಾಗಕ್ಕೆ ಕೈ ಎಟುಕದೆ, ಕಂಡ ಕಡೆ ಹನಿ ಬೀಳುತ್ತದೆ. ವಾರದ ಹಿಂದೆ ಒದ್ದೆ ತಲೆಯಲ್ಲೇ ಕೋಟು ಹಾಕಿ ನೋಡಿದ್ದರಿಂದ ಕಾಲರಿಗೆ ಆ ಗತಿ ಬಂತು. "ವಾದ್ಯಗೋಷ್ಠಿ ನಡೆಸೋನ ಕಷ್ಟ ನಿಮಗೆ ಗೊತ್ತಿಲ್ಲ ತಾಯಿ. ಮುಖ ವಾದ್ಯದೋರ ಕಡೆ, ಜನರಿಗೆಲ್ಲ ಬರೀ ಹಿಂಭಾಗ. ನನಗೆ ಎಟುಕದೇ ಇರೋದೇ ಊರಿಗೆ ಕಾಣೋದು."

ಮುಂದೆ ನಡೆದದ್ದನ್ನು ಮೇಷ್ಟ್ರ ಅಪ್ಪಣೆ ಪಡೆದೇ ಇಲ್ಲಿ ಬರೆಯಲಾಗಿದೆ. ("ಬರೀರಿ, ಧಾರಾಳವಾಗಿ ಬರೀರಿ. ಬಣ್ಣ ಯಾವ ಕಂಪನಿದು ಅಂತ ಮಾತ್ರ ಬೇಡ, ನಾಳೆ ಅವರು ಜಾಹೀರಾತಿಗೆ ಕರೆದಾರು.") ಅಕ್ಕ ಬ್ರಷ್ಷು ಕೇಳಿ ತೆಗೆದುಕೊಳ್ಳುತ್ತಾರೆ. "ಬಣ್ಣ ಹಚ್ಕೊಳ್ಳೋದರಲ್ಲಿ ತಪ್ಪೇನಿಲ್ಲ ಮೇಷ್ಟ್ರೇ, ತಲೆ ನಿಮ್ಮದು. ತಲೆ ಬಗ್ಗಿಸಿ," ಎಂದು, ಸಾವಿರಾರು ಕಾಲರುಗಳನ್ನು ಬಿಳುಪು ಮಾಡಿದ ಕೈಯಿಂದ ಹಿಂದಲೆಯನ್ನು ಒಂದು ಹನಿಯೂ ಬೀಳದ ಹಾಗೆ ಕಪ್ಪು ಮಾಡಿ ಕೊಡುತ್ತಾರೆ. ಇಬ್ಬರಿಗೂ ನಗು ತಡೆಯಲಾಗುತ್ತಿಲ್ಲ. ಅಲ್ಲಾಡಬೇಡಿ ಎಂದು ಅಕ್ಕ ಎರಡು ಸಲ ಗದರಬೇಕಾಗುತ್ತದೆ.

ಎದ್ದು ನಿಂತ ಮೇಲೆ ಕೋಟಿನ ಮಾತು ಬರುತ್ತದೆ. "ಈಗ ನಿಜವಾದ ಹೆಸರು ಗೊತ್ತಾಯ್ತಲ್ಲ, ಬಣ್ಣ ಬಿಡಿಸೋ ಪುಡಿ ಹಾಕಿ ನೋಡ್ತೀನಿ. ಆದ್ರೆ ಪೂರ್ತಿ ಹೋಗಲ್ಲ ಮೇಷ್ಟ್ರೇ. ಬುಧವಾರವೇ ಮಾಡಿದ್ರೆ ಹೋಗ್ತಿತ್ತು. ಹೋಗುತ್ತೆ ಅಂತ ಸುಮ್ನೆ ಆಸೆ ಹುಟ್ಟಿಸಲ್ಲ."

"ಎಷ್ಟು ಹೋಗುತ್ತೋ ಅಷ್ಟು ಮಾಡಿ," ಎನ್ನುತ್ತಾರೆ ಮೇಷ್ಟ್ರು. "ನಾನು ಹಾಕ್ಕೊಳ್ಳೋದು ಅದನ್ನೇ. ನೀವು ಸಂಜೆ ಬರಬೇಕು, ಮುಂದಿನ ಸಾಲಲ್ಲಿ ಕೂರಬೇಕು."

ಮಧ್ಯಾಹ್ನವೆಲ್ಲ ಮೇಜಿನ ಮೇಲೆ ಅದೊಂದೇ ಕೋಟು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇದೆ. ಅಕ್ಕ ಪುಡಿ ಕರಗಿಸಿ, ಹನಿ ಹನಿಯಾಗಿ ಬಿಟ್ಟು, ಬ್ರಷ್ಷಿನ ತುದಿಯಿಂದ ತಟ್ಟಿ, ತಣ್ಣೀರು ಹಾಯಿಸಿ, ಮತ್ತೆ ಬಿಡುತ್ತಾರೆ. ಕಡುಗಪ್ಪು ಕಂದಾಗುತ್ತದೆ. ಕಂದು ತಿಳಿಯಾಗುತ್ತ ಒಣಗಿದ ಎಲೆಯ ಬಣ್ಣಕ್ಕೆ ಬಂದು ನಿಲ್ಲುತ್ತದೆ. ಇನ್ನೂ ಮುಂದೆ ಹೋದರೆ ಬಟ್ಟೆಯ ಎಳೆಯೇ ಹೋಗುತ್ತದೆ. ಅಕ್ಕ ಕೈ ಎತ್ತುತ್ತಾರೆ. ಕಾಲರನ್ನು ಬಿಟ್ಟು ಉಳಿದ ಕೋಟು ಎಷ್ಟು ವರ್ಷಗಳಿಂದ ಹಳದಿಗಟ್ಟಿತ್ತೋ, ಅದನ್ನೂ ಬಿಡದೆ ತೋಳು, ಜೇಬು, ಅಂಚು ಎಲ್ಲ ಒಂದೊಂದಾಗಿ ಬಿಳುಪು ಮಾಡುತ್ತಾರೆ. ಭಾವ ಯಾವತ್ತೂ ಹಾಕದಷ್ಟು ಎಚ್ಚರಿಕೆಯಿಂದ ಇಸ್ತ್ರಿ ಹಾಕುತ್ತಾರೆ.

ಸಂಜೆ ಉದ್ಯಾನದಲ್ಲಿ ಕುರ್ಚಿಗಳು ಸಾಲದೆ ಜನ ಹುಲ್ಲಿನ ಮೇಲೆ ಕೂತಿದ್ದಾರೆ. ಮುಂದಿನ ಸಾಲಿನಲ್ಲಿ ಅಕ್ಕ, ಪಕ್ಕದಲ್ಲಿ ಸಮವಸ್ತ್ರದಲ್ಲೇ ಓಡಿಬಂದ ಗಂಡ, ಅವರಾಚೆ ಭಾವ. ಮೇಷ್ಟ್ರು ಮಂಟಪ ಹತ್ತಿದಾಗ ಚಪ್ಪಾಳೆ ನಿಲ್ಲುವುದೇ ಇಲ್ಲ. ಅವರು ಜನರಿಗೆ ಕೈ ಮುಗಿದು, "ಮಕ್ಕಳೇ, ಇವತ್ತಿಂದ ನನ್ನನ್ನ ತಾತ ಅಂತ ಕರೀಬಹುದು. ಕೂದಲು ಬಣ್ಣದ್ದು," ಎನ್ನುತ್ತಾರೆ. ಮಕ್ಕಳ ಸಾಲಿನಿಂದ "ಗೊತ್ತು ತಾತಾ!" ಎಂಬ ಕೂಗು ಏಳುತ್ತದೆ. ಉದ್ಯಾನಕ್ಕೆ ಉದ್ಯಾನವೇ ನಗುತ್ತದೆ. ಮೇಷ್ಟ್ರು ನಗುತ್ತಲೇ ತಿರುಗಿ, ಜನರಿಗೆ ಬೆನ್ನು ಮಾಡಿ, ಕೋಲೆತ್ತುತ್ತಾರೆ.

ಬೆಳಕೆಲ್ಲ ಆ ಬಿಳಿ ಬೆನ್ನಿನ ಮೇಲೆ ಬೀಳುತ್ತದೆ. ಕಾಲರಿನ ಮೇಲೆ ಒಣಗಿದ ಎಲೆಯ ಬಣ್ಣದ ಕಲೆ ಎಲ್ಲರಿಗೂ ಕಾಣುತ್ತಿದೆ. ಅಕ್ಕನ ಇನ್ನೊಂದು ಪಕ್ಕದಲ್ಲಿ ಕೂತ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬರು ಬಾಗಿ, "ಪಾಪ, ಎಂಥಾ ಕೋಟು! ಯಾರೋ ಕೆಲಸ ಬರದೇ ಇರೋರು ಕೈ ಹಾಕಿ ಕಾಲರು ಕೆಡಿಸಿಟ್ಟಿದ್ದಾರೆ ನೋಡಿ," ಎಂದು ಪಿಸುಗುಟ್ಟುತ್ತಾರೆ.

ಭಾವ ಅಕ್ಕನತ್ತ ನೋಡಿ ಸುಮ್ಮನಿರು ಎಂದು ಕಣ್ಸನ್ನೆ ಮಾಡುತ್ತಾರೆ. ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವಂತಿಲ್ಲ. ಅಕ್ಕ ಒಂದು ಗಳಿಗೆ ಕೋಟನ್ನೇ ನೋಡುತ್ತಾರೆ. ಮೊದಲ ಕಹಳೆಯ ದನಿ ಏಳುತ್ತಿದ್ದಂತೆ ಆ ಹೆಂಗಸಿನ ಕಡೆ ತಿರುಗುತ್ತಾರೆ. ಮುಖ ಅರಳಿದೆ.

"ಕೆಡಿಸಿದ್ದು ನಾನೇ ಅಮ್ಮ. ಕೆಲಸ ಬರುತ್ತೆ, ಕೇಳಬೇಕಾದ ದಿನ ಕೇಳಲಿಲ್ಲ, ಅದಕ್ಕೇ ಹಾಗಾಯ್ತು. ಆದ್ರೆ ಉಳಿದ ಕೋಟನ್ನೂ ನೋಡಿ, ಹಾಲಿನ ಹಾಗಿದೆ. ಅದೂ ನಾನೇ."